ಗೋಲಿನ ಹಿಂದಿನ ಲೆಕ್ಕ

ಹಾಕಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ವಿಶಾಲವಾದ ಮೈದಾನ, ತುದಿ ಬಾಗಿದ ಕೋಲು, ಅದರ ಅಂಚಿನಲ್ಲಿ ಉರುಳುವ ಚೆಂಡು. ಕೊಡಗಿನ ಊರೂರುಗಳಲ್ಲಿ ಮನೆಮಾತಾದ ಆಟವದು. ಆದರೆ ಚಳಿಗಾಲದಲ್ಲಿ ಕೆರೆಗಳೇ ಹೆಪ್ಪುಗಟ್ಟುವ ಕೆನಡಾದಂಥ ದೇಶದಲ್ಲಿ ಹಾಕಿ ಎಂಬ ಮಾತಿಗೆ ಬೇರೊಂದು ಅರ್ಥವಿದೆ. ಅಲ್ಲಿ ಅದು ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ, ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಆಟ. ಹೊರಗಿನವರು ಅದನ್ನು ಐಸ್ ಹಾಕಿ ಎನ್ನುತ್ತಾರೆ. ಅದರ ವೇಗ ಕಣ್ಣನ್ನು ಕೋರೈಸುವಂಥದು. ಇಂಥ ಆಟದಲ್ಲಿ ತಾಳ್ಮೆಯಿಂದ ಕುಳಿತು ಎಣಿಸುವವರಿಗೆ ಏನು ಕೆಲಸ ಎಂಬ ಪ್ರಶ್ನೆ ಏಳುವುದು ಸಹಜ. ಆದರೂ ಕಳೆದ ಕೆಲವು ದಶಕಗಳಲ್ಲಿ ಆ ಆಟದ ತಂಡಗಳನ್ನು ಕಟ್ಟುವ ರೀತಿಯನ್ನೇ ಎಣಿಕೆ ಬದಲಾಯಿಸಿದೆ. ಅದು ಹೇಗಾಯಿತು ಎಂಬುದನ್ನು ತಿಳಿಯುವುದು ಆಟಗಾರರಿಗೆ ಮಾತ್ರವಲ್ಲದೆ, ಶ್ರಮವನ್ನೂ ಫಲವನ್ನೂ ತೂಗಿ ನೋಡಬೇಕಾದ ಎಲ್ಲರಿಗೂ ಉಪಯುಕ್ತ.

ಮೊದಲು ಆಟದ ಸ್ವರೂಪವನ್ನು ಅರಿಯೋಣ. ಉತ್ತರ ಅಮೆರಿಕದಲ್ಲಿ ಐಸ್ ಹಾಕಿಯ ಕಣ 200 ಅಡಿ ಉದ್ದ, 85 ಅಡಿ ಅಗಲವಿರುತ್ತದೆ. ಸುತ್ತಲೂ ಗೋಡೆಯಂತೆ ಹಲಗೆಗಳು ನಿಂತಿರುತ್ತವೆ. ಚೆಂಡಿಗೆ ಬದಲಾಗಿ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಬಳಸುತ್ತಾರೆ. ಅದರ ವ್ಯಾಸ 3 ಅಂಗುಲ, ದಪ್ಪ 1 ಅಂಗುಲ. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ. ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ಪಂದ್ಯ ನಡೆಯುತ್ತದೆ. ಒಂದು ಹೊತ್ತಿಗೆ ಪ್ರತಿ ತಂಡದ ಆರು ಮಂದಿ ಕಣದಲ್ಲಿರುತ್ತಾರೆ: ಗೋಲುರಕ್ಷಕನೊಬ್ಬ, ಹಿಂದೆ ನಿಂತು ತಡೆಯುವವರು ಇಬ್ಬರು, ಮುನ್ನುಗ್ಗಿ ಆಡುವವರು ಮೂವರು. ಮುನ್ನುಗ್ಗುವ ಈ ಮೂವರ ಗುಂಪಿಗೆ ‘ಲೈನ್’, ಅಂದರೆ ಸಾಲು, ಎಂದು ಹೆಸರು. ಒಂದು ತಂಡದಲ್ಲಿ ಸಾಮಾನ್ಯವಾಗಿ ಇಂಥ ನಾಲ್ಕು ಸಾಲುಗಳೂ, ತಡೆಯುವವರ ಮೂರು ಜೋಡಿಗಳೂ ಇರುತ್ತವೆ. ಪೂರ್ಣ ಬಲದಿಂದ ಜಾರಿ ಆಡಬಲ್ಲ ಶಕ್ತಿ ಮನುಷ್ಯನಿಗೆ ಹೆಚ್ಚು ಹೊತ್ತು ಇರದು. ಆದ್ದರಿಂದ ಸುಮಾರು 45 ಸೆಕೆಂಡುಗಳಿಗೊಮ್ಮೆ ಒಂದು ಸಾಲು ಹೊರಬಂದು ಮತ್ತೊಂದು ಒಳಗೆ ಧುಮುಕುತ್ತದೆ. ಇದಕ್ಕಾಗಿ ಆಟ ನಿಲ್ಲಬೇಕಾಗಿಲ್ಲ. ಯಾರ ಜೊತೆಗೆ ಯಾರನ್ನು ಸೇರಿಸಿ ಸಾಲು ಕಟ್ಟಬೇಕು, ಯಾವ ಸಾಲನ್ನು ಯಾವಾಗ ಇಳಿಸಬೇಕು ಎಂಬುದೇ ತರಬೇತುದಾರನ ಮುಖ್ಯ ವಿದ್ಯೆ.

ಈ ವಿದ್ಯೆಗೆ ಆಧಾರವೇನು? ಹಿಂದೆ ಅದು ಗೋಲುಗಳ ಪಟ್ಟಿಯೇ ಆಗಿತ್ತು. ಯಾವ ಸಾಲು ಗೋಲು ಹೊಡೆಯಿತೋ ಅದು ಒಳ್ಳೆಯ ಸಾಲು. ಯಾವ ತಂಡ ಗೆದ್ದಿತೋ ಅದು ಒಳ್ಳೆಯ ತಂಡ. ಈ ಮಾತು ಸರಿಯೆಂದೇ ತೋರುತ್ತದೆ. ಆದರೆ ಐಸ್ ಹಾಕಿಯಲ್ಲಿ ಗೋಲು ಅಪರೂಪದ ವಸ್ತು. ಗುರಿ ಮುಟ್ಟುವ ಹೊಡೆತಗಳಲ್ಲಿ ಸುಮಾರು ಹತ್ತಕ್ಕೆ ಒಂದು ಮಾತ್ರ ಗೋಲಾಗುತ್ತದೆ. ಬಿಲ್ಲೆ ಯಾರದೋ ಪಾದರಕ್ಷೆಗೆ ತಾಗಿ ದಿಕ್ಕು ಬದಲಿಸಬಹುದು. ಗೋಲುಕಂಬಕ್ಕೆ ಬಡಿದು ಹೊರಗೆ ಹೋಗಬಹುದು. ಹೀಗೆ ಅಪರೂಪವಾಗಿ ಒದಗುವ ವಸ್ತುವಿನಲ್ಲಿ ಅದೃಷ್ಟದ ಪಾಲು ದೊಡ್ಡದಾಗಿರುತ್ತದೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. 1980ರ ಫೆಬ್ರವರಿ 22ರಂದು ಅಮೆರಿಕದ ಲೇಕ್ ಪ್ಲಾಸಿಡ್ ಎಂಬಲ್ಲಿ, ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ, ಸೋವಿಯತ್ ಒಕ್ಕೂಟದ ಹೆಸರಾಂತ ತಂಡವನ್ನು ಅಮೆರಿಕದ ಎಳೆಯ ಆಟಗಾರರು 4–3ರಿಂದ ಸೋಲಿಸಿದರು. ಜಗತ್ತೇ ಬೆರಗಾಯಿತು. ಆ ಪಂದ್ಯದಲ್ಲಿ ಸೋವಿಯತ್ ತಂಡ ಗುರಿಯತ್ತ ನೇರವಾಗಿ ಬಾರಿಸಿದ ಹೊಡೆತಗಳು 39; ಅಮೆರಿಕ ಬಾರಿಸಿದವು 16. ಗೋಲುರಕ್ಷಕ ಜಿಮ್ ಕ್ರೇಗ್ 36 ಹೊಡೆತಗಳನ್ನು ತಡೆದರು. ಗೆದ್ದವರ ಧೈರ್ಯವನ್ನೂ ತರಬೇತುದಾರ ಹರ್ಬ್ ಬ್ರೂಕ್ಸ್ ಅವರ ಸಿದ್ಧತೆಯನ್ನೂ ಯಾರೂ ಅಲ್ಲಗಳೆಯಲಾರರು. ಆದರೆ ಇದೇ ಬಗೆಯಲ್ಲಿ ಹತ್ತು ಪಂದ್ಯಗಳನ್ನು ಆಡಿದ್ದರೆ ಹತ್ತರಲ್ಲಿಯೂ ಇದೇ ಫಲ ಬರುತ್ತಿತ್ತೆಂದು ನಂಬುವುದು ಕಷ್ಟ. ಒಂದು ಪಂದ್ಯದ ಫಲ ಒಂದು ದಿನದ ಕಥೆಯನ್ನು ಹೇಳುತ್ತದೆ. ತಂಡದ ನಿಜವಾದ ಬಲವನ್ನು ಅಳೆಯಲು ಬೇರೊಂದು ಅಳತೆಗೋಲು ಬೇಕು.

ಬಿಲ್ಲೆ ಯಾರ ಸ್ವಾಧೀನದಲ್ಲಿ ಹೆಚ್ಚು ಹೊತ್ತು ಇರುತ್ತದೆಯೋ ಅವರೇ ಆಟದ ಒಡೆಯರು ಎಂಬುದು ಹಳೆಯ ಅನುಭವ. ಆದರೆ ಕ್ಷಣಕ್ಷಣಕ್ಕೂ ಕೈ ಬದಲಿಸುವ ಬಿಲ್ಲೆಯ ಸ್ವಾಧೀನವನ್ನು ಗಡಿಯಾರ ಹಿಡಿದು ಅಳೆಯುವುದು ಸುಲಭವಲ್ಲ. ಈ ತೊಡಕಿಗೆ ಉಪಾಯ ದೊರೆತುದು ಅನಿರೀಕ್ಷಿತ ಕಡೆಯಿಂದ. ಬಫಲೊ ಸೇಬರ್ಸ್ ಎಂಬ ತಂಡದಲ್ಲಿ ಗೋಲುರಕ್ಷಕರಿಗೆ ತರಬೇತಿ ನೀಡುತ್ತಿದ್ದ ಜಿಮ್ ಕಾರ್ಸಿ ಎಂಬವರು ತಮ್ಮ ಶಿಷ್ಯರು ಒಂದು ಪಂದ್ಯದಲ್ಲಿ ಎಷ್ಟು ದಣಿಯುತ್ತಾರೆಂಬುದನ್ನು ಅಳೆಯಬಯಸಿದರು. ಗೋಲುರಕ್ಷಕ ತಡೆದ ಹೊಡೆತಗಳನ್ನಷ್ಟೇ ಎಣಿಸಿದರೆ ಲೆಕ್ಕ ಪೂರ್ಣವಾಗದೆಂದು ಅವರಿಗೆ ತೋರಿತು. ಗುರಿ ತಪ್ಪಿ ಪಕ್ಕಕ್ಕೆ ಹೋದ ಹೊಡೆತಕ್ಕೂ, ನಡುವೆ ಬೇರೆ ಆಟಗಾರನ ಮೈಗೆ ತಾಗಿ ನಿಂತ ಹೊಡೆತಕ್ಕೂ ಗೋಲುರಕ್ಷಕ ಸಜ್ಜಾಗಲೇಬೇಕಷ್ಟೆ. ಆದ್ದರಿಂದ ಅವರು ಎಲ್ಲ ಯತ್ನಗಳನ್ನೂ ಎಣಿಸತೊಡಗಿದರು. ಮುಂದೆ ಆಟದ ಲೆಕ್ಕದಲ್ಲಿ ಆಸಕ್ತರಾದ ಅಭಿಮಾನಿಗಳು ಈ ಎಣಿಕೆಯನ್ನು ಇಡೀ ತಂಡಕ್ಕೆ ಅನ್ವಯಿಸಿ, ಅದಕ್ಕೆ ‘ಕಾರ್ಸಿ’ ಎಂದೇ ಹೆಸರಿಟ್ಟರು. ಬಿಲ್ಲೆ ಕೈಯಲ್ಲಿಲ್ಲದೆ ಹೊಡೆಯಲಾಗದು. ಹೆಚ್ಚು ಬಾರಿ ಹೊಡೆದವರು ಹೆಚ್ಚು ಹೊತ್ತು ಬಿಲ್ಲೆಯನ್ನು ಎದುರಾಳಿಯ ಗೋಲಿನ ಬಳಿ ಇರಿಸಿಕೊಂಡಿದ್ದರೆಂದೇ ತಿಳಿಯಬೇಕು. ಹೀಗೆ ಹೊಡೆತಗಳ ಎಣಿಕೆ ಸ್ವಾಧೀನದ ಅಳತೆಯಾಯಿತು.

ಇದರ ಗಣಿತ ಸರಳವಾದುದು. ಎರಡೂ ತಂಡಗಳು ಸೇರಿ ಒಂದು ಪಂದ್ಯದಲ್ಲಿ 100 ಯತ್ನಗಳನ್ನು ಮಾಡಿವೆ ಎಂದಿಟ್ಟುಕೊಳ್ಳೋಣ. ಅವುಗಳಲ್ಲಿ 55 ಒಂದು ತಂಡದವು, 45 ಇನ್ನೊಂದರವು. ಆಗ ಮೊದಲನೆಯ ತಂಡದ ಪಾಲು ಶೇಕಡಾ 55. ಶೇಕಡಾ 50ಕ್ಕಿಂತ ಮೇಲಿದ್ದರೆ ಆಟದ ಓಟ ನಮ್ಮ ಕಡೆಗಿದೆ. ಕೆಳಗಿದ್ದರೆ ಎದುರಾಳಿಯ ಕಡೆಗಿದೆ. ತಪ್ಪಿಗೆ ಶಿಕ್ಷೆಯಾಗಿ ಒಬ್ಬ ಆಟಗಾರ ಹೊರಗೆ ಕುಳಿತಾಗ ಬಲ ಅಸಮವಾಗುವುದರಿಂದ, ಎರಡೂ ಕಡೆ ಐವರು ಆಟಗಾರರು ಸಮನಾಗಿರುವ ಹೊತ್ತಿನ ಲೆಕ್ಕಕ್ಕೇ ಹೆಚ್ಚು ಬೆಲೆ. ಒಂದು ಪಂದ್ಯದಲ್ಲಿ ಗೋಲುಗಳು ಐದಾರು ಆದರೆ ಯತ್ನಗಳು ನೂರರ ಸಮೀಪಕ್ಕೆ ಹೋಗುತ್ತವೆ. ಎಣಿಸುವ ವಸ್ತು ಹೆಚ್ಚಿದಷ್ಟೂ ಅದೃಷ್ಟದ ಕೈವಾಡ ಕಡಿಮೆಯಾಗುತ್ತದೆ.

ಅದೃಷ್ಟವನ್ನು ಗುರುತಿಸಲು ಮತ್ತೊಂದು ಲೆಕ್ಕವೂ ಇದೆ. ಗುರಿ ಮುಟ್ಟಿದ ಹೊಡೆತಗಳಲ್ಲಿ ಶೇಕಡಾ ಎಷ್ಟು ಗೋಲಾದವು ಎಂಬ ಸಂಖ್ಯೆಗೆ, ಎದುರಾಳಿಯ ಹೊಡೆತಗಳಲ್ಲಿ ಶೇಕಡಾ ಎಷ್ಟನ್ನು ನಮ್ಮ ಗೋಲುರಕ್ಷಕ ತಡೆದ ಎಂಬ ಸಂಖ್ಯೆಯನ್ನು ಕೂಡಿಸಬೇಕು. ಗುರಿ ಮುಟ್ಟಿದ ಪ್ರತಿಯೊಂದು ಹೊಡೆತವೂ ಒಂದೋ ಗೋಲಾಗುತ್ತದೆ, ಇಲ್ಲವೇ ತಡೆಯಲ್ಪಡುತ್ತದೆ. ಆದ್ದರಿಂದ ಎಲ್ಲ ತಂಡಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಈ ಮೊತ್ತ 100 ಆಗಲೇಬೇಕು. ಈಗ ಒಂದು ಕಾಲ್ಪನಿಕ ತಂಡವನ್ನು ನೋಡೋಣ. ಅದು 300 ಹೊಡೆತಗಳಿಂದ 36 ಗೋಲು ಗಳಿಸಿತು. ಅಂದರೆ ಶೇಕಡಾ 12. ಎದುರಾಳಿಗಳು ಹೊಡೆದ 400ರಲ್ಲಿ 376ನ್ನು ಅದರ ಗೋಲುರಕ್ಷಕ ತಡೆದ; ಅಂದರೆ ಶೇಕಡಾ 94. ಒಟ್ಟು 106. ತಂಡ 36 ಗೋಲು ಹೊಡೆದು 24 ಮಾತ್ರ ಬಿಟ್ಟುಕೊಟ್ಟು ಬೀಗುತ್ತಿದೆ. ಆದರೆ ಇಂಥ ಎತ್ತರದಲ್ಲಿ ಬಹುಕಾಲ ನಿಲ್ಲುವ ತಂಡಗಳು ವಿರಳ. ಮುಂದಿನ ಪಂದ್ಯಗಳಲ್ಲಿ ಗೋಲಿನ ಪ್ರಮಾಣ ಶೇಕಡಾ 9ಕ್ಕೆ, ತಡೆಯ ಪ್ರಮಾಣ ಶೇಕಡಾ 91ಕ್ಕೆ ಇಳಿದರೆ ಅದೇ 300 ಹೊಡೆತಗಳಿಗೆ 27 ಗೋಲು ಬರುತ್ತವೆ. ಅದೇ 400 ಹೊಡೆತಗಳಿಗೆ 36 ಗೋಲು ಹೋಗುತ್ತವೆ. ಆಟಗಾರರು ಬದಲಾಗಿಲ್ಲ, ಆಟವೂ ಬದಲಾಗಿಲ್ಲ. ಗೆಲ್ಲುತ್ತಿದ್ದ ತಂಡ ಸೋಲುತ್ತಿದೆ.

ಹೀಗೆ ನಿಜವಾಗಿಯೂ ನಡೆದುದುಂಟು. ಟೊರಾಂಟೊ ಮೇಪಲ್ ಲೀಫ್ಸ್ ಕೆನಡಾದ ಅತ್ಯಂತ ಪ್ರಸಿದ್ಧ ತಂಡಗಳಲ್ಲಿ ಒಂದು. 2013ರಲ್ಲಿ ಅದು ಒಂಬತ್ತು ವರ್ಷಗಳ ತರುವಾಯ ನ್ಯಾಷನಲ್ ಹಾಕಿ ಲೀಗಿನ ಅಂತಿಮ ಹಂತದ ಪಂದ್ಯಗಳಿಗೆ ಅರ್ಹತೆ ಪಡೆಯಿತು. ಅಭಿಮಾನಿಗಳು ಸಂಭ್ರಮಿಸಿದರು. ಆದರೆ ಯತ್ನಗಳನ್ನು ಎಣಿಸುತ್ತಿದ್ದವರಿಗೆ ಆತಂಕವಿತ್ತು. ತಂಡ ಬಿಲ್ಲೆಯನ್ನು ತನ್ನಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ; ಗೋಲುರಕ್ಷಕನ ಕೌಶಲವೂ ಅದೃಷ್ಟವೂ ಅದನ್ನು ಕಾಯುತ್ತಿದ್ದವು. 2013ರ ಮೇ 13ರಂದು ಬಾಸ್ಟನ್ ನಗರದಲ್ಲಿ ನಡೆದ ನಿರ್ಣಾಯಕ ಪಂದ್ಯದ ಕೊನೆಯ ಅವಧಿಯಲ್ಲಿ 4–1ರಿಂದ ಮುಂದಿದ್ದ ಟೊರಾಂಟೊ, ಕೊನೆಯ ಒಂದೂವರೆ ನಿಮಿಷದೊಳಗೆ ಎರಡು ಗೋಲು ಬಿಟ್ಟುಕೊಟ್ಟು, ಹೆಚ್ಚುವರಿ ಅವಧಿಯಲ್ಲಿ 5–4ರಿಂದ ಸೋತಿತು. ಆ ಎಚ್ಚರಿಕೆ ಸಾಕಾಗಲಿಲ್ಲ. ಮುಂದಿನ ವರ್ಷ ಎದುರಾಳಿಗಳು ಆ ತಂಡದ ಗೋಲಿನತ್ತ ಪಂದ್ಯವೊಂದಕ್ಕೆ ಸರಾಸರಿ 35ಕ್ಕೂ ಹೆಚ್ಚು ಹೊಡೆತಗಳನ್ನು ಬಾರಿಸಿದರು. 2014ರ ಮಾರ್ಚ್ ತಿಂಗಳಲ್ಲಿ ತಂಡ ಸತತವಾಗಿ ಎಂಟು ಪಂದ್ಯಗಳನ್ನು ಸೋತು ಅಂತಿಮ ಹಂತದಿಂದ ಹೊರಗುಳಿಯಿತು. ಅದೇ ವರ್ಷದ ಜುಲೈನಲ್ಲಿ ಅದು ಕೈಲ್ ಡೂಬಾಸ್ ಎಂಬ 28 ವರ್ಷದ ಯುವಕನನ್ನು ಆಡಳಿತದ ಉನ್ನತ ಹುದ್ದೆಗೆ ತಂದಿತು. ಅಂಕಿ ಅಂಶಗಳನ್ನು ಬಳಸಿ ತಂಡ ಕಟ್ಟುವುದರಲ್ಲಿ ಅವರು ಹೆಸರಾಗಿದ್ದರು. ಗೆಲುವಿನ ದಿನಗಳಲ್ಲಿ ಕೇಳದ ಮಾತನ್ನು ಸೋಲು ಕೇಳಿಸಿತು.

ಇದಕ್ಕೆ ತಿರುವುಮುರುವಾದ ಕಥೆ ಅಮೆರಿಕದ ಲಾಸ್ ಏಂಜಲಿಸ್ ಕಿಂಗ್ಸ್ ತಂಡದ್ದು. 2011–12ರ ಋತುವಿನಲ್ಲಿ ಗೋಲು ಗಳಿಕೆಯಲ್ಲಿ 30 ತಂಡಗಳ ಪೈಕಿ ಅದರ ಸ್ಥಾನ 29ನೆಯದು. ಡಿಸೆಂಬರಿನಲ್ಲಿ ತರಬೇತುದಾರನನ್ನು ಬದಲಿಸಿ ಡ್ಯಾರಿಲ್ ಸಟರ್ ಅವರನ್ನು ಕರೆತಂದರು. ತನ್ನ ವಿಭಾಗದಿಂದ ಎಂಟನೆಯ, ಅಂದರೆ ಕಟ್ಟಕಡೆಯ ಸ್ಥಾನ ಪಡೆದು ತಂಡ ಅಂತಿಮ ಹಂತಕ್ಕೆ ಬಂದಾಗ ಹೆಚ್ಚಿನವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಯತ್ನಗಳ ಪಾಲಿನಲ್ಲಿ ಅದು ಅಗ್ರಶ್ರೇಣಿಯಲ್ಲಿತ್ತು. ಬಿಲ್ಲೆ ಸದಾ ಅದರ ವಶದಲ್ಲಿರುತ್ತಿತ್ತು. ಗೋಲುಗಳು ಮಾತ್ರ ಬಂದಿರಲಿಲ್ಲ. ಫೆಬ್ರವರಿಯಲ್ಲಿ ಜೆಫ್ ಕಾರ್ಟರ್ ಎಂಬ ಆಟಗಾರನನ್ನು ತಂಡಕ್ಕೆ ಸೇರಿಸಿ, ಹಿಂದೆ ಫಿಲಡೆಲ್ಫಿಯ ತಂಡದಲ್ಲಿ ಅವರ ಸಂಗಾತಿಯಾಗಿದ್ದ ಮೈಕ್ ರಿಚರ್ಡ್ಸ್ ಅವರ ಸಾಲಿನಲ್ಲಿ ಇರಿಸಿದರು. ಅಂತಿಮ ಹಂತದಲ್ಲಿ ಕಿಂಗ್ಸ್ 16 ಪಂದ್ಯಗಳನ್ನು ಗೆದ್ದು ನಾಲ್ಕನ್ನು ಮಾತ್ರ ಸೋತು, 1967ರಲ್ಲಿ ಹುಟ್ಟಿದ ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಪಡೆಯಿತು. ಎಂಟನೆಯ ಸ್ಥಾನದಿಂದ ಹೊರಟು ಆ ಕಪ್ಪನ್ನು ಗೆದ್ದ ಮೊದಲ ತಂಡ ಅದೇ.

ಇಲ್ಲಿಗೆ ನಾವು ಸಾಲು ಕಟ್ಟುವ ವಿದ್ಯೆಗೆ ಬಂದೆವು. ಮೂವರು ಒಳ್ಳೆಯ ಆಟಗಾರರನ್ನು ಒಂದೆಡೆ ನಿಲ್ಲಿಸಿದ ಮಾತ್ರಕ್ಕೆ ಒಳ್ಳೆಯ ಸಾಲು ಆಗುವುದಿಲ್ಲ. ಮೂವರೂ ಹೊಡೆಯುವವರೇ ಆದರೆ ಬಿಲ್ಲೆಯನ್ನು ತಂದುಕೊಡುವವರು ಯಾರು? ಮೂಲೆಗೆ ನುಗ್ಗಿ, ಹಲಗೆಗೆ ಮೈಯೊತ್ತಿ, ಬಿಲ್ಲೆಯನ್ನು ಕಿತ್ತುತರುವವನೊಬ್ಬ, ಅದನ್ನು ಸರಿಯಾದ ಹೊತ್ತಿಗೆ ದಾಟಿಸುವವನೊಬ್ಬ, ಗುರಿಯಿಟ್ಟು ಹೊಡೆಯುವವನೊಬ್ಬ ಕೂಡಿದಾಗ ಸಾಲು ಬಲಗೊಳ್ಳುತ್ತದೆ. ಸೋವಿಯತ್ ತರಬೇತುದಾರರು ಇದನ್ನು ಚೆನ್ನಾಗಿ ಅರಿತಿದ್ದರು. 1980ರ ದಶಕದಲ್ಲಿ ಕ್ರೂಟೊವ್, ಲಾರಿಯೊನೊವ್, ಮಕಾರೊವ್ ಎಂಬ ಮೂವರ ಸಾಲೂ, ಅವರ ಹಿಂದೆ ಫೆಟಿಸೊವ್, ಕಸಟೊನೊವ್ ಎಂಬ ಜೋಡಿಯೂ ಒಂದೇ ದೇಹದ ಅಂಗಗಳಂತೆ ಆಡುತ್ತಿದ್ದವು. ದಾರಿ ತೆರೆಯದಿದ್ದರೆ ಬಿಲ್ಲೆಯನ್ನು ಸುಮ್ಮನೆ ಹೊಡೆದು ಕಳೆದುಕೊಳ್ಳದೆ, ಹಿಂದಕ್ಕೆ ತಂದು ಮತ್ತೆ ಮುನ್ನುಗ್ಗುವುದು ಅವರ ಕ್ರಮವಾಗಿತ್ತು.

ಸೋವಿಯತ್ ಒಕ್ಕೂಟ ಅಳಿದ ಮೇಲೆಯೂ ಆ ವಿದ್ಯೆ ಅಳಿಯಲಿಲ್ಲ. 1995ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ತರಬೇತುದಾರ ಸ್ಕಾಟಿ ಬೌಮನ್ ತಮ್ಮಲ್ಲಿದ್ದ ರಷ್ಯನ್ ಆಟಗಾರರನ್ನು ಒಟ್ಟುಗೂಡಿಸಿದರು. 37 ವರ್ಷದ ಫೆಟಿಸೊವ್, 34 ವರ್ಷದ ಲಾರಿಯೊನೊವ್, ಅವರ ಜೊತೆಗೆ ಕಿರಿಯರಾದ ಫೆಡೊರೊವ್, ಕೊಜ್ಲೊವ್, ಕಾನ್ಸ್ಟಾಂಟಿನೊವ್. ಇವರನ್ನು ‘ರಷ್ಯನ್ ಐವರು’ ಎಂದು ಜನ ಕರೆದರು. ಅವರು ಮೊದಲು ಒಂದಾಗಿ ಆಡಿದುದು ಆ ವರ್ಷದ ಅಕ್ಟೋಬರ್ 27ರಂದು, ಕ್ಯಾಲ್ಗರಿ ನಗರದಲ್ಲಿ. ಡೆಟ್ರಾಯಿಟ್ 3–0ರಿಂದ ಗೆದ್ದಿತು. ಗೋಲುಗಳಿಗಿಂತ ಗಮನಾರ್ಹವಾದುದು ಇನ್ನೊಂದು ಸಂಖ್ಯೆ: ಇಡೀ ಪಂದ್ಯದಲ್ಲಿ ಕ್ಯಾಲ್ಗರಿ ಗುರಿ ಮುಟ್ಟಿಸಿದ ಹೊಡೆತಗಳು ಎಂಟು ಮಾತ್ರ. ಬಿಲ್ಲೆಯೇ ಸಿಗದವರು ಹೊಡೆಯುವುದಾದರೂ ಏನನ್ನು? 1997ರಲ್ಲಿ ಡೆಟ್ರಾಯಿಟ್ 42 ವರ್ಷಗಳ ಬಳಿಕ ಸ್ಟ್ಯಾನ್ಲಿ ಕಪ್ ಗೆದ್ದಿತು.

ಬೌಮನ್ ಅವರು ಕಣ್ಣಿನಿಂದಲೂ ಅನುಭವದಿಂದಲೂ ಕಂಡುಕೊಂಡುದನ್ನು ಇಂದಿನ ತರಬೇತುದಾರರು ಎಣಿಕೆಯಿಂದ ಪರೀಕ್ಷಿಸಬಲ್ಲರು. ಇಬ್ಬರು ಆಟಗಾರರು ಜೊತೆಯಾಗಿ ಕಣದಲ್ಲಿದ್ದಾಗ ತಂಡದ ಯತ್ನಗಳ ಪಾಲೆಷ್ಟು, ಮೊದಲನೆಯವನು ಬೇರೆಯವರೊಡನೆ ಆಡಿದಾಗ ಎಷ್ಟು, ಎರಡನೆಯವನು ಬೇರೆಯವರೊಡನೆ ಆಡಿದಾಗ ಎಷ್ಟು ಎಂದು ಮೂರು ಪಟ್ಟಿಗಳನ್ನು ಬರೆದು ಹೋಲಿಸುತ್ತಾರೆ. ಜೊತೆಯಾಗಿದ್ದಾಗ ಶೇಕಡಾ 56 ಇದ್ದ ಪಾಲು, ಬೇರೆಯಾದಾಗ ಒಬ್ಬನಿಗೆ 53, ಇನ್ನೊಬ್ಬನಿಗೆ 46 ಆದರೆ, ಯಾರು ಯಾರನ್ನು ಎತ್ತಿ ಹಿಡಿಯುತ್ತಿದ್ದಾರೆಂಬುದು ಸ್ಪಷ್ಟವಾಗುತ್ತದೆ.

ಆದರೆ ಈ ಪಟ್ಟಿಗಳನ್ನು ಓದುವಾಗ ವಿವೇಕ ಬೇಕು. ಒಂದು ಸಾಲು ಸದಾ ಎದುರಾಳಿಯ ಅತ್ಯುತ್ತಮ ಆಟಗಾರರ ವಿರುದ್ಧವೇ ಆಡುತ್ತಿರಬಹುದು. ಆತಿಥೇಯ ತಂಡಕ್ಕೆ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ಇರುವುದರಿಂದ ಇಂಥ ಹೊಂದಾಣಿಕೆ ಸಾಧ್ಯ. ಇನ್ನೊಂದು ಸಾಲನ್ನು ಸದಾ ತಮ್ಮ ಗೋಲಿನ ಬಳಿಯೇ ಆಟ ಆರಂಭಿಸುವ ಕಷ್ಟದ ಕೆಲಸಕ್ಕೆ ಇಳಿಸುತ್ತಿರಬಹುದು. ಮುಂದಿರುವ ತಂಡ ಗೋಲನ್ನು ಕಾಯುತ್ತ ಹಿಂದೆ ಸರಿಯುವುದೂ, ಹಿಂದುಳಿದ ತಂಡ ಹತಾಶೆಯಿಂದ ಹೊಡೆಯುತ್ತ ಹೋಗುವುದೂ ಉಂಟು. ಇಂಥ ಸಂದರ್ಭಗಳನ್ನು ಗಮನಿಸದೆ ಬರಿಯ ಸಂಖ್ಯೆಯನ್ನು ನೋಡಿದರೆ, ಭಾರ ಹೊತ್ತವನನ್ನೇ ದುರ್ಬಲನೆಂದು ದೂರಿದಂತಾಗುತ್ತದೆ.

ಸರಿಯಾಗಿ ಓದಿದಾಗಲಾದರೋ ಈ ಲೆಕ್ಕ ಮರೆಯಲ್ಲಿದ್ದ ಶ್ರಮವನ್ನು ಬೆಳಕಿಗೆ ತರುತ್ತದೆ. ಕಿಂಗ್ಸ್ ತಂಡದ ಜಸ್ಟಿನ್ ವಿಲಿಯಮ್ಸ್ ಇದಕ್ಕೆ ಸಾಕ್ಷಿ. 2013–14ರ ಋತುವಿನಲ್ಲಿ ಅವರು ಹೊಡೆದ ಗೋಲುಗಳು 19. ಗೋಲುವೀರರ ಪಟ್ಟಿಯಲ್ಲಿ ಅವರ ಹೆಸರು ಮೇಲಿರಲಿಲ್ಲ. ಆದರೆ ಅವರು ಕಣದಲ್ಲಿರುವಷ್ಟು ಹೊತ್ತು ಬಿಲ್ಲೆ ಎದುರಾಳಿಯ ಗೋಲಿನ ಸುತ್ತಲೇ ಸುಳಿಯುತ್ತಿತ್ತು. ಯತ್ನಗಳ ಪಾಲಿನಲ್ಲಿ ಅವರು ಲೀಗಿನ ಶ್ರೇಷ್ಠರಲ್ಲಿ ಒಬ್ಬರಾಗಿದ್ದರು. ಆ ವರ್ಷದ ಮಾರ್ಚಿನಲ್ಲಿ ಮರಿಯನ್ ಗ್ಯಾಬರಿಕ್ ಎಂಬ ಹೊಡೆತಗಾರ ತಂಡಕ್ಕೆ ಬಂದು ಆನ್ಸೆ ಕೊಪಿಟಾರ್ ಅವರ ಸಾಲಿನಲ್ಲಿ ನಿಂತರು. ಕಾರ್ಟರ್ ಅವರೊಡನೆ ಟ್ಯಾನರ್ ಪಿಯರ್ಸನ್, ಟೈಲರ್ ಟೊಫೊಲಿ ಎಂಬ ಇಬ್ಬರು ತರುಣರನ್ನು ಸೇರಿಸಿದರು. ಅವರ ಅಂಗಿಗಳ ಸಂಖ್ಯೆಗಳು 70, 73, 77 ಆಗಿದ್ದುದರಿಂದ ಅದು ‘ಎಪ್ಪತ್ತರ ಸಾಲು’ ಎಂದು ಹೆಸರಾಯಿತು. ಸಾಲುಗಳು ಹೀಗೆ ಮರುಜೋಡಣೆಗೊಂಡಾಗ ವಿಲಿಯಮ್ಸ್ ಅವರ ಪಾಲಿಗೆ ಬಹುಮಟ್ಟಿಗೆ ಕೆಳಗಿನ ಸಾಲು ಬಂದಿತು. ಅವರು ಅಲ್ಲಿಯೂ ತಮ್ಮ ಕೆಲಸವನ್ನು ಮಾಡಿದರು. ಸ್ಯಾನ್ ಹೊಸೆ ತಂಡದ ಎದುರು ಮೊದಲ ಮೂರು ಪಂದ್ಯಗಳನ್ನು ಸೋತಿದ್ದ ಕಿಂಗ್ಸ್ ಮುಂದಿನ ನಾಲ್ಕನ್ನೂ ಗೆದ್ದು, ಕೊನೆಗೆ ಮತ್ತೊಮ್ಮೆ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತು. 14 ಗೋಲುಗಳನ್ನು ಹೊಡೆದು ಗ್ಯಾಬರಿಕ್ ಎಲ್ಲರಿಗಿಂತ ಮುಂದಿದ್ದರು. ಆದರೆ ಅಂತಿಮ ಹಂತದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮೈಥ್ ಪ್ರಶಸ್ತಿ ದೊರೆತುದು ವಿಲಿಯಮ್ಸ್ ಅವರಿಗೆ.

ಹಾಗೆಂದು ಎಣಿಕೆ ಭವಿಷ್ಯವಾಣಿಯಲ್ಲ. ಮರುವರ್ಷ, ಅಂದರೆ 2014–15ರಲ್ಲಿ, ಅದೇ ಕಿಂಗ್ಸ್ ತಂಡ ಯತ್ನಗಳ ಪಾಲಿನಲ್ಲಿ ಅಗ್ರಶ್ರೇಣಿಯಲ್ಲಿದ್ದೂ ಅಂತಿಮ ಹಂತಕ್ಕೇ ಬರಲಿಲ್ಲ. ದೂರದಿಂದ ಬಾರಿಸಿದ ಹತ್ತು ಹೊಡೆತಗಳಿಗಿಂತ ಗೋಲಿನ ಬಾಯಲ್ಲಿ ದೊರೆತ ಒಂದು ಅವಕಾಶ ಮೇಲಾಗಬಹುದು. ಆದ್ದರಿಂದ ಈಗ ಪ್ರತಿಯೊಂದು ಹೊಡೆತವೂ ಎಲ್ಲಿಂದ ಬಂದಿತು, ಅದು ಗೋಲಾಗುವ ಸಂಭವ ಎಷ್ಟು ಎಂಬುದನ್ನೂ ಲೆಕ್ಕ ಹಾಕುತ್ತಾರೆ. 2015ರಲ್ಲಿ ನ್ಯಾಷನಲ್ ಹಾಕಿ ಲೀಗ್ ತಾನೇ ಯತ್ನಗಳ ಪಟ್ಟಿಯನ್ನು ಪ್ರಕಟಿಸತೊಡಗಿತು. ಈಗಂತೂ ಬಿಲ್ಲೆಯೊಳಗೆ ಪುಟ್ಟ ಸಾಧನಗಳನ್ನಿರಿಸಿ ಅದರ ಚಲನೆಯನ್ನೇ ಅಳೆಯುತ್ತಾರೆ. ಅಳತೆ ಸೂಕ್ಷ್ಮವಾದಷ್ಟೂ ಅದನ್ನು ಅರ್ಥೈಸುವ ಮನುಷ್ಯನ ಹೊಣೆ ಹೆಚ್ಚುತ್ತದೆ. ಇಬ್ಬರು ಆಟಗಾರರ ನಡುವಣ ನಂಬಿಕೆ, ದಣಿದವನ ನೋವು, ಹೊಸಬನ ಅಂಜಿಕೆ ಇವು ಯಾವ ಪಟ್ಟಿಯಲ್ಲಿಯೂ ಕಾಣವು. ಅವನ್ನು ತರಬೇತುದಾರ ಹತ್ತಿರ ನಿಂತು ಅರಿಯಬೇಕು.

ಗೆದ್ದಾಗ ಬೀಗುವುದೂ ಸೋತಾಗ ಕುಗ್ಗುವುದೂ ಮನುಷ್ಯನ ಸ್ವಭಾವ. ಗೆಲುವಿನಲ್ಲಿ ಅಡಗಿದ ದೌರ್ಬಲ್ಯವನ್ನೂ, ಸೋಲಿನಲ್ಲಿ ಅಡಗಿದ ಬಲವನ್ನೂ ಕಾಣಲು ತಾಳ್ಮೆಯ ಎಣಿಕೆ ನೆರವಾಗುತ್ತದೆ. ಟೊರಾಂಟೊ ತಂಡ ಗೆಲ್ಲುತ್ತಿದ್ದಾಗಲೇ ತನ್ನ ಕೊರತೆಯನ್ನು ತಿದ್ದಿಕೊಳ್ಳಬಹುದಾಗಿತ್ತು. ಕಿಂಗ್ಸ್ ತಂಡ ಗೋಲು ಬಾರದ ದಿನಗಳಲ್ಲಿಯೂ ತನ್ನ ಆಟದ ಕ್ರಮವನ್ನು ಬಿಡಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಬಲ್ಲೆವು. ಹಳ್ಳ ತುಂಬಿದ ಮೇಲೆ ಎಲ್ಲರೂ ನೋಡುತ್ತಾರೆ. ತುಂಬುವ ಮೊದಲು ಹನಿಗಳನ್ನು ಎಣಿಸಿದವನಿಗೆ, ಅವುಗಳನ್ನು ತಂದವರು ಯಾರೆಂಬುದೂ ತಿಳಿದಿರುತ್ತದೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಐಸ್ ಹಾಕಿಯಲ್ಲಿ ‘ಲೈನ್’ ಎಂದರೇನು?
2. ಜಿಮ್ ಕಾರ್ಸಿ ಅವರು ಹೊಡೆತದ ಯತ್ನಗಳನ್ನು ಎಣಿಸಲು ಕಾರಣವೇನು?
3. ‘ಎಪ್ಪತ್ತರ ಸಾಲು’ ಎಂಬ ಹೆಸರು ಹೇಗೆ ಬಂದಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗೋಲುಗಳಿಗಿಂತ ಯತ್ನಗಳ ಎಣಿಕೆ ಹೆಚ್ಚು ನಂಬಲರ್ಹವಾಗಲು ಕಾರಣಗಳೇನು?
2. ಒಂದು ತಂಡ 250 ಹೊಡೆತಗಳಿಂದ 30 ಗೋಲು ಗಳಿಸಿದೆ. ಎದುರಾಳಿಗಳ 300 ಹೊಡೆತಗಳಲ್ಲಿ 282ನ್ನು ತಡೆದಿದೆ. ಎರಡು ಪ್ರಮಾಣಗಳ ಮೊತ್ತವೆಷ್ಟು? ಇದರಿಂದ ಏನನ್ನು ಊಹಿಸಬಹುದು?
3. ಸಾಲುಗಳ ಪಟ್ಟಿಯನ್ನು ಓದುವಾಗ ಯಾವ ಎಚ್ಚರಿಕೆಗಳು ಅಗತ್ಯ?

ಇ. ವಿವರವಾಗಿ ಉತ್ತರಿಸಿರಿ.
1. ಟೊರಾಂಟೊ ಮತ್ತು ಲಾಸ್ ಏಂಜಲಿಸ್ ತಂಡಗಳ ಅನುಭವಗಳನ್ನು ಹೋಲಿಸಿ ಬರೆಯಿರಿ.
2. ‘ಎಣಿಕೆ ಭವಿಷ್ಯವಾಣಿಯಲ್ಲ’ ಎಂಬ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿರಿ.

ಈ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಕಣ್ಣೆದುರು, ಆಟವನ್ನು, ಅತ್ಯಂತ.
2. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಮನೆಮಾತು, ಅಳತೆಗೋಲು, ಲೆಕ್ಕಕ್ಕೆ ಹಿಡಿ, ಎತ್ತಿ ಹಿಡಿ.

ಉ. ಮಾಡಿ ನೋಡಿರಿ
ನಿಮ್ಮ ಶಾಲೆಯಲ್ಲಿ ನಡೆಯುವ ಹಾಕಿ, ಫುಟ್‌ಬಾಲ್ ಅಥವಾ ಬೇರೆ ಪಂದ್ಯವೊಂದರಲ್ಲಿ ಎರಡೂ ತಂಡಗಳು ಗೋಲಿನತ್ತ ಮಾಡಿದ ಯತ್ನಗಳನ್ನು ಎಣಿಸಿ ಪಟ್ಟಿ ಮಾಡಿರಿ. ಪಂದ್ಯದ ಫಲಕ್ಕೂ ಪಟ್ಟಿಗೂ ಹೊಂದಿಕೆ ಇದೆಯೇ ಎಂಬುದನ್ನು ತರಗತಿಯಲ್ಲಿ ಚರ್ಚಿಸಿರಿ.